ಹದಿನಾಲ್ಕು ಸೆಂಟಿಮೀಟರ್ ಕುಸಿದ ಕಂಬ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಆರೂವರೆಗೆ ಅರವತ್ತೆರಡು. ಸಂಜೆ ಆರಕ್ಕೆ ಅರವತ್ತೆರಡು. ತೂಬಿನಲ್ಲಿ ಐದು ಹಲಗೆ. ಷರಾ: ಇಲ್ಲ.

ಕಚೇರಿಯ ನೀರಳತೆಯ ಪುಸ್ತಕದಲ್ಲಿ ಇವತ್ತು ಬರೆದದ್ದು ಇಷ್ಟು. ಷರಾ ಬರೆಯುವ ಅಂಕಣ ಎರಡು ಬೆರಳಗಲ ಇದೆ. ಅದನ್ನು ಮಾಡಿದವರು ಮಾತು ಬೆಳೆಸುವವರಲ್ಲ, ನಾನೂ ಅಲ್ಲ. ಆದರೆ ಇವತ್ತಿನ ಸಂತೋಷ ಎರಡು ಬೆರಳಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಅಕ್ಕ ಹೊಲಿಗೆಯ ಅಳತೆ ಬರೆದುಕೊಳ್ಳಲು ತಂದಿಟ್ಟಿದ್ದ ಖಾಲಿ ನೋಟ್‌ಬುಕ್ಕೊಂದನ್ನು ಕೇಳಿ ತೆಗೆದುಕೊಂಡೆ.

ಬಡಗಣ ಅಂಚಿನ ಕೆಸರು ದಿಬ್ಬಗಳ ಮೇಲೆ ಮೆಟ್ಟುಗಾಲು ಹಕ್ಕಿಗಳು ಹನ್ನೆರಡು ಗೂಡು ಕಟ್ಟಿವೆ. ನಾಲ್ಕು ವರ್ಷದ ಹಿಂದೆ ಒಂದೂ ಇರಲಿಲ್ಲ. ದಾರದಂಥ ಕೆಂಪು ಕಾಲಿನ ಮೇಲೆ ಕಪ್ಪುಬಿಳುಪು ಮೈ ಹೊತ್ತು ಅವು ನಡೆಯುವುದನ್ನು ನೋಡಲು ದೂರದಿಂದ ಜನ ಬರುತ್ತಿದ್ದಾರೆ. ತಿಂಗಳ ಕೊನೆಗೆ ಪರಿಶೀಲನಾ ತಂಡವೂ ಬರುತ್ತದೆ. "ಇಂಥ ಪುಸ್ತಕ ಬೇರೆ ಯಾವ ಕೆರೇಲೂ ಇಲ್ಲಮ್ಮ. ಮೊದಲು ಅದನ್ನೇ ಅವರ ಕೈಗೆ ಕೊಡೋದು" ಎಂದರು ಕಚೇರಿಯ ಸಾಹೇಬರು.

ಗೂಡು ಕಟ್ಟುವ ತಿಂಗಳುಗಳಲ್ಲಿ ನೀರು ಅರವತ್ತೆರಡು ಸೆಂಟಿಮೀಟರ್ ಇರಬೇಕು ಎಂಬುದು ಈ ರಕ್ಷಿತ ಕೆರೆಯ ನಿಯಮ. ಹೆಚ್ಚಾದರೆ ತೂಬಿನಿಂದ ಹಲಗೆ ತೆಗೆಯಬೇಕು, ಕಡಿಮೆಯಾದರೆ ಹಾಕಬೇಕು. ಹದಿನೇಳು ವರ್ಷದಿಂದ ಆ ಕೆಲಸ ನನ್ನದು. ಜ್ವರ ಬಂದ ಒಂಬತ್ತು ದಿನ ಮಾತ್ರ ಅಕ್ಕ ಹೋಗಿ ನೀರಲ್ಲಿ ನೆಟ್ಟ ಅಳತೆಯ ಕಂಬ ಓದಿ ಬರೆದಿದ್ದಳು. ಒಂದು ದಿನವೂ ಖಾಲಿ ಬಿಟ್ಟಿಲ್ಲ.

ಕೆರೆಯಲ್ಲಿ ಒಂದೇ ಕೊರತೆ. ಜೊಂಡು ವರ್ಷವರ್ಷ ಒಳಗೆ ನುಗ್ಗುತ್ತಿದೆ. ಈಜುವ ಹಕ್ಕಿಗಳಾದ ಗುಳುಮುಳುಕಗಳಿಗೂ ನಾಮದ ಕೋಳಿಗಳಿಗೂ ಬಯಲು ನೀರು ಸಾಲದಾಗಿದೆ. ಜೊಂಡು ಕತ್ತರಿಸಬೇಕಾದವನು ದೋಣಿಯವನು. ಅವನ ಸೋಮಾರಿತನದ ಬಗ್ಗೆ ಮೂರು ವರ್ಷದಲ್ಲಿ ಮೂರು ಪತ್ರ ಬರೆದಿದ್ದೇನೆ, ಮೂರು ಸಲವೂ ಅವನು ಬೈಸಿಕೊಂಡಿದ್ದಾನೆ. ಊರೆಲ್ಲ ಅವನನ್ನು ಮೌನಿ ಎಂದು ಕರೆಯುತ್ತದೆ, ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲದ ಕಾರಣ.

ಮಾರ್ಚ್ 5, ಗುರುವಾರ

ನಕಾಶೆಗೆ ಮಟ್ಟ ಗುರುತಿಸಲು ಸರ್ವೆಯವಳು ಬಂದಳು. ಸೇತುವೆಯ ಕಲ್ಲಿನಲ್ಲಿ ಕೆತ್ತಿದ ಹಳೆಯ ಗುರುತಿನಿಂದ ಶುರುಮಾಡಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿಟ್ಟು, ಏರಿಯುದ್ದಕ್ಕೂ ನೋಡುತ್ತಾ ನನ್ನ ಕಂಬದವರೆಗೆ ಬಂದಳು. ಒಂದು ಸಲ ನೋಡಿದಳು, ಬರೆದಳು, ಮತ್ತೆ ನೋಡಿದಳು.

"ಮೇಡಂ, ನಿಮ್ಮ ಕಂಬ ಕೂತಿದೆ."

"ಕೂತಿದೆ ಅಂದ್ರೆ?"

"ಕೆಸರಲ್ಲಿ ಇಳಿದುಬಿಟ್ಟಿದೆ. ಹದಿನಾಲ್ಕು ಸೆಂಟಿಮೀಟರ್."

ಮತ್ತೊಮ್ಮೆ ಅಳೆಯಲು ಹೇಳಿದೆ. ಅಳೆದಳು. ಇನ್ನೊಮ್ಮೆ ಎಂದೆ. ಬೇಸರಿಸದೆ ಸೇತುವೆಯಿಂದಲೇ ಪುನಃ ಶುರುಮಾಡಿದಳು. ಹದಿನಾಲ್ಕು.

ಕಂಬದ ಕೆಳಗಿರುವುದು ನೂರಾರು ವರ್ಷ ಕೊಳೆತ ಜೊಂಡಿನ ಮೆತ್ತನೆಯ ಕೆಸರು. ಕಂಬ ಇಳಿದರೆ ಅದರ ಮೇಲಿನ ಅಂಕಿಗಳೂ ಇಳಿಯುತ್ತವೆ. ನಾನು ಅರವತ್ತೆರಡು ಎಂದು ಓದಿದಾಗ ನೀರು ನಿಜವಾಗಿ ಇದ್ದದ್ದು ನಲವತ್ತೆಂಟು. ಅಂಕಿ ಏರಿದಂತೆ ಕಂಡಾಗಲೆಲ್ಲ ಹಲಗೆ ತೆಗೆದು ಒಳ್ಳೆಯ ನೀರನ್ನು ಹೊರಗೆ ಬಿಟ್ಟಿದ್ದೇನೆ.

ಮಾರ್ಚ್ 6, ಶುಕ್ರವಾರ

ಅರವತ್ತೆರಡು. ಅಲ್ಲ, ನಲವತ್ತೆಂಟು.

ಮಾರ್ಚ್ 7, ಶನಿವಾರ

ಅಕ್ಕನಿಗೆ ಹೇಳಿದೆ. ಅವಳು ಮಷೀನಿನಿಂದ ಕಣ್ಣೆತ್ತಲಿಲ್ಲ.

"ಟೇಪೂ ಹಂಗೇ ಕಣೇ. ಎಳೆದೂ ಎಳೆದೂ ಉದ್ದ ಆಗತ್ತೆ. ವರ್ಷಕ್ಕೊಂದ್ಸಲ ಕಬ್ಬಿಣದ ಸ್ಕೇಲ್ ಪಕ್ಕ ಇಟ್ಟು ನೋಡ್ತಿದ್ದೆ ನಾನು. ನೀನು ಯಾವತ್ತಾದ್ರೂ ನೋಡಿದ್ಯಾ?"

"ಕಂಬ ನೆಡೋದು ನನ್ನ ಕೆಲಸ ಅಲ್ಲ. ಓದೋದು ನನ್ನ ಕೆಲಸ."

"ಹೌದಮ್ಮ. ನೀನು ಓದಿದ್ದರಲ್ಲಿ ಯಾರೂ ತಪ್ಪು ಹಿಡಿಯೋ ಹಾಗಿಲ್ಲ." ನೂಲು ಹಲ್ಲಿನಲ್ಲಿ ಕಡಿದಳು. "ಆ ಒಂಬತ್ತು ದಿನ ನಾನೂ ಓದಿದ್ನಲ್ಲ. ತಪ್ಪಲ್ಲಿ ನಂಗೂ ಪಾಲು ಕೊಡು."

ನಗು ಬರಲಿಲ್ಲ. ಊಟ ಮಾಡದೆ ಮಲಗಿದೆ. ಹದಿನೇಳು ವರ್ಷ ಮಳೆಯಲ್ಲೂ ಚಳಿಯಲ್ಲೂ ಮೊಣಕಾಲುದ್ದ ನೀರಿಗಿಳಿದು ಮೂಗಿನ ನೇರಕ್ಕೆ ಅಂಕಿ ಹಿಡಿದು ಓದಿದವಳು ನಾನು. ಅಷ್ಟೊಂದು ಸರಿಯಾಗಿ ತಪ್ಪು ಮಾಡಿದವರು ಇನ್ನೊಬ್ಬರು ಇರಲಾರರು.

ಮಾರ್ಚ್ 9, ಸೋಮವಾರ

ಸಾಹೇಬರ ಆದೇಶ ಬಂತು: ನೀರನ್ನು ಕೂಡಲೇ ನಿಜವಾದ ಅರವತ್ತೆರಡಕ್ಕೆ ಏರಿಸತಕ್ಕದ್ದು. ಹದಿನಾಲ್ಕು ಸೆಂಟಿಮೀಟರ್ ಎಂದರೆ ಸರಿಯಾಗಿ ಎರಡು ಹಲಗೆ. ಒಂದನ್ನು ಬುಧವಾರ, ಇನ್ನೊಂದನ್ನು ಶನಿವಾರ ಹಾಕುತ್ತೇನೆ. ತಪ್ಪು ಸಿಕ್ಕಿದ ಮೇಲೆ ಸರಿಪಡಿಸಬೇಕು. ಅದರಲ್ಲಿ ಯೋಚಿಸುವುದೇನೂ ಇಲ್ಲ. ನಾಲ್ಕು ದಿನದ ನಂತರ ಮೊದಲ ಸಲ ಹಸಿವಾಯಿತು.

ಮಾರ್ಚ್ 11, ಬುಧವಾರ

ಬೆಳಿಗ್ಗೆ ಏಳಕ್ಕೆ ಆರನೆಯ ಹಲಗೆ ಹಾಕಿದೆ. ತೂಬಿನ ಸದ್ದು ಸಣ್ಣದಾಯಿತು.

ಮಾರ್ಚ್ 12, ಗುರುವಾರ

ಕಂಬವನ್ನು ನಂಬುವಂತಿಲ್ಲ. ನೀರು ನಿಜವಾಗಿ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬೇಕಾದರೆ ಅಂಚಿಗೇ ಹೋಗಿ ನೋಡಬೇಕು. ದೋಣಿಯವನನ್ನು ಕೇಳಿದೆ. ಹದಿನೇಳು ವರ್ಷದಲ್ಲಿ ಅವನ ದೋಣಿ ಹತ್ತಿದ್ದು ಇದೇ ಮೊದಲು ಎಂದು ಅವನೇ ನೆನಪಿಸಿದ, ದಾರಿಯುದ್ದಕ್ಕೂ ನೆನಪಿಸುತ್ತಲೇ ಇದ್ದ. ಜೊಂಡಿನ ನಡುವೆ ದೋಣಿ ಹೊಕ್ಕಾಗ ಮಾತ್ರ ತಾನಾಗಿ ಸುಮ್ಮನಾದ. ಹುಟ್ಟು ನೀರಿಗೆ ಇಳಿಯುವ ಸದ್ದೂ ಕೇಳಲಿಲ್ಲ.

ಹತ್ತು ಮಾರು ದೂರದಿಂದ ನೋಡಿದೆವು. ನೀರು ಮೂರು ಸೆಂಟಿಮೀಟರ್ ಏರಿತ್ತು. ಅಷ್ಟಕ್ಕೇ ದಿಬ್ಬಗಳು ಅರ್ಧ ಕರಗಿದ್ದವು. ಒಂದು ಹೆಣ್ಣು ಹಕ್ಕಿ ಗೂಡಿನಿಂದ ಎದ್ದು, ಸುತ್ತಲಿನ ಕೆಸರಿನಿಂದ ಒಂದೊಂದೇ ಕಡ್ಡಿ ಕಿತ್ತು, ಕತ್ತು ಬಗ್ಗಿಸಿ, ಮೊಟ್ಟೆಗಳ ಅಡಿಗೆ ತುರುಕುತ್ತಿತ್ತು. ಕಡ್ಡಿ ತುರುಕುವುದು, ಕೂತು ನೋಡುವುದು, ಹೊಟ್ಟೆಗೆ ನೀರು ತಾಗಿದ ಕೂಡಲೇ ಮತ್ತೆ ಏಳುವುದು. ಅದರ ಗಂಡು ದೂರದಿಂದ ಹುಲ್ಲಿನ ಎಳೆ ತಂದು ಬದಿಗೆ ಎಸೆಯುತ್ತಿತ್ತು. ಇಪ್ಪತ್ತು ನಿಮಿಷ ನೋಡಿದೆ. ಗೂಡು ಒಂದು ಬೆರಳಷ್ಟು ಎತ್ತರವಾಯಿತು. ಅಷ್ಟರಲ್ಲಿ ನೀರೂ ಏರುತ್ತಲೇ ಇತ್ತು.

ಪಕ್ಕದ ತಗ್ಗು ದಿಬ್ಬದಲ್ಲಿ ಗೂಡೇ ಇರಲಿಲ್ಲ. ಚುಕ್ಕೆ ಚುಕ್ಕೆಯ ಒಂದು ಮೊಟ್ಟೆ ಅಂತರಗಂಗೆಯ ಎಲೆಗೆ ಸಿಕ್ಕಿಕೊಂಡು ತೇಲುತ್ತಿತ್ತು.

ವಾಪಸು ಬರುವಾಗ ದೋಣಿಯವನಿಗೆ ಹೇಳಬೇಕಾದದ್ದನ್ನು ಹೇಳಿದೆ. ನೀರು ಕಡಿಮೆಯಾದಲ್ಲೆಲ್ಲ ಜೊಂಡು ಮುಂದೆ ಬರುತ್ತದೆ. ನೀರು ಕಡಿಮೆ ಮಾಡಿದವಳು ನಾನು. ಅವನು ಹತ್ತು ಜನರ ಕೆಲಸ ಮಾಡಿದ್ದರೂ ಅದು ನಿಲ್ಲುತ್ತಿರಲಿಲ್ಲ.

ಹುಟ್ಟು ಮೇಲೆತ್ತಿ ಕೂತುಬಿಟ್ಟ. "ಹಂಗಾದ್ರೆ ಮೂರು ವರ್ಷ ನಾನು ತಿಂದ ಬೈಗುಳ?"

"ನನ್ನ ತಪ್ಪಿಗೆ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಕೇಳಿದ್ದೆ ಅಕ್ಕಾವ್ರೆ. ನಮ್ಮ ಕಥೇಲಿ ನೋಡಿ, ನೀವು ಚೆನ್ನಾಗೇ ಕುಣಿದ್ರಿ, ನೆಲಾನೇ ಡೊಂಕು!" ದೋಣಿ ಅಲ್ಲಾಡುವಷ್ಟು ನಕ್ಕ. ಆಮೇಲೆ ಗಂಭೀರವಾಗಿ, "ಆ ಮೂರು ಪತ್ರ ಬರೆದ್ರಲ್ಲ, ನಾಲ್ಕನೇದೂ ಒಂದು ಬರೀರಿ" ಎಂದ.

ಬರೆಯುತ್ತೇನೆ ಎಂದೆ.

ಮಾರ್ಚ್ 13, ಶುಕ್ರವಾರ

ಬೆಳಕು ಹರಿದ ಕೂಡಲೇ ಹೋಗಿ ಆರನೆಯ ಹಲಗೆ ಕಿತ್ತೆ. ನೀರಿನಲ್ಲಿ ಉಬ್ಬಿ ಬಿಗಿಯಾಗಿತ್ತು. ಮೌನಿ ಒಂದು ತುದಿ ಹಿಡಿದ. ಪುಸ್ತಕದಲ್ಲಿ ಬರೆದೆ: ಹಲಗೆ ಐದು. ಷರಾ: ಆದೇಶವಿಲ್ಲದೆ ತೆಗೆದಿದ್ದೇನೆ. ಕಾರಣ, ಗೂಡುಗಳು. ಸಣ್ಣ ಅಕ್ಷರದಲ್ಲಿ ಬರೆದರೆ ಎರಡು ಬೆರಳಲ್ಲಿ ಹಿಡಿಯುತ್ತದೆ.

ನಾಲ್ಕನೆಯ ಪತ್ರವನ್ನೂ ಬರೆದು ಕಚೇರಿಗೆ ಕೊಟ್ಟೆ.

ಮಾರ್ಚ್ 16, ಸೋಮವಾರ

ಸಾಹೇಬರು ಕರೆಸಿದರು. ನೀರಳತೆಯ ಪುಸ್ತಕವೂ ನನ್ನ ನಾಲ್ಕನೆಯ ಪತ್ರವೂ ಮೇಜಿನ ಮೇಲಿದ್ದವು.

"ಏನಮ್ಮ ಇದು? ಆದೇಶ ಯಾರದ್ದು, ಹಲಗೆ ಕಿತ್ತೋರು ಯಾರು?"

"ಆದೇಶ ತಮ್ಮದು, ಕಿತ್ತೋಳು ನಾನು. ಮೊಟ್ಟೆ ಒಡೆಯೋವರೆಗೂ ನೀರು ಏರಿಸಬಾರದು, ಸಾರ್. ಮರಿ ಹುಟ್ಟಿದ ದಿನವೇ ನಡೆಯತ್ತೆ. ಏಪ್ರಿಲ್ ಎಂಟಕ್ಕೆ ಕೊನೇ ಗೂಡೂ ಖಾಲಿ ಆಗತ್ತೆ. ಅಲ್ಲೀತನಕ ನಲವತ್ತೆಂಟು ಇರಲಿ."

ಸಾಹೇಬರು ಕುರ್ಚಿಯಿಂದ ಎದ್ದರು. ಅವರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿದರು.

"ನೋಡೀಮ್ಮ. ತಪ್ಪು ಅಂತ ಯಾಕೆ ಬರೀಬೇಕು? ಮೆಟ್ಟುಗಾಲು ಹಕ್ಕಿಗೋಸ್ಕರ ನಾವೇ ನೀರು ಕಡಿಮೆ ಮಾಡ್ಕೊಂಡು ಬಂದ್ವಿ, ಅದೇ ಯೋಜನೆ ಅಂತ ಬರೆದ್ರೆ ಯಾರಿಗೆ ನಷ್ಟ? ಪುಸ್ತಕದ ಅಂಕಿ ಮಾತ್ರ ಅದಕ್ಕೆ ಹೊಂದಬೇಕು. ನಿಮ್ಮ ಅಕ್ಷರ ಮುತ್ತಿನಂಗಿದೆ, ಹೊಸ ಪುಸ್ತಕ ಕೊಡಿಸ್ತೀನಿ. ಗೂಡೂ ಉಳಿಯತ್ತೆ, ನಿಮ್ಮ ಹೆಸರೂ ಉಳಿಯತ್ತೆ. ಇಲ್ಲ ಅಂದ್ರೆ ನಿಯಮದ ಪ್ರಕಾರ ನೀರು ಏರಿಸಲೇಬೇಕಾಗತ್ತೆ. ಆಗ ನಂಗೆ ದಾರಿ ಇಲ್ಲ."

ಎರಡು ದಿನದ ಸಮಯ ಕೇಳಿ ಎದ್ದು ಬಂದೆ.

ಮಾರ್ಚ್ 17, ಮಂಗಳವಾರ

ಬರೆದು ನೋಡಿದೆ. ಇಲ್ಲಿ ಮುಚ್ಚಿಡುವುದೇಕೆ. ಕೊನೆಯ ನಾಲ್ಕು ವರ್ಷ ತಿದ್ದಿದರೆ ಸಾಕು. ಸಾಹೇಬರು ಕೊಡಿಸಿದ ಹೊಸ ಪುಸ್ತಕದ ಮೊದಲ ಪುಟ ಒಂದೇ ಒಂದು ಚಿತ್ತುಕಾಟಿಲ್ಲದೆ ಮುಗಿಯಿತು. ಐವತ್ತೊಂದು, ಐವತ್ತೊಂದು, ಐವತ್ತು. ಓದಲು ಬಹಳ ಚೆನ್ನಾಗಿತ್ತು. ಯಾರೋ ತುಂಬ ದೂರ ಯೋಚಿಸಿ, ಹಕ್ಕಿಗಳಿಗಾಗಿ ನೀರನ್ನು ಬೆರಳು ಬೆರಳಾಗಿ ಇಳಿಸಿದಂತೆ. ಆ ಹೆಂಗಸು ನಾನಾಗಿದ್ದರೆ ಎನಿಸಿತು.

ಎರಡನೆಯ ಪುಟಕ್ಕೆ ನನ್ನ ಜ್ವರದ ಒಂಬತ್ತು ದಿನ ಬಂತು. ಹಳೆಯ ಪುಸ್ತಕದಲ್ಲಿ ಅವು ಅಕ್ಕನ ಅಂಕಿಗಳು, ಬಟ್ಟೆಯ ಮೇಲೆ ಚಾಕ್ ಎಳೆದಂತೆ ಎಲ್ಲವೂ ಬಲಕ್ಕೆ ವಾಲಿವೆ. ನನ್ನ ನೇರ ಅಂಕಿಯಲ್ಲಿ ಬರೆದರೆ ಆ ದಿನ ಹಾಸಿಗೆಯಲ್ಲಿದ್ದವಳು ಕೆರೆಯಲ್ಲಿದ್ದಳು ಎಂದಾಗುತ್ತದೆ. ಅಕ್ಕನನ್ನು ಕರೆದೆ.

ಕೈ ಒರೆಸಿಕೊಂಡು ಬಂದು ಎರಡೂ ಪುಸ್ತಕ ನೋಡಿದಳು. ಅವಳಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

"ನಾನು ಆವತ್ತು ಅರವತ್ತೆರಡು ನೋಡಿದ್ದೆ ಕಣೇ."

"ಗೊತ್ತು."

"ಈಗ ಐವತ್ತು ಅಂತ ಬರೀಬೇಕಾ?"

"ಹೌದು."

"ನನ್ನ ಅಕ್ಷರ ನಿಂಗೆ ಬರಲ್ಲ. ನಿನ್ನ ಸುಳ್ಳು ನಂಗೆ ಬರಲ್ಲ." ಹೊರಟವಳು ಬಾಗಿಲಲ್ಲಿ ನಿಂತಳು. "ಗೂಡು ಉಳಿಸೋಕೆ ಅಂತ ತಾನೆ, ಅದಕ್ಕೆ ಬೈತಾ ಇಲ್ಲ."

ಹೊಸ ಪುಸ್ತಕದಲ್ಲಿ ಬರೆದಿದ್ದ ಪುಟವನ್ನು ಹರಿದೆ.

ಮಾರ್ಚ್ 18, ಬುಧವಾರ

ಹಳೆಯ ಪುಸ್ತಕಗಳಲ್ಲಿ ಒಂದು ಅಂಕಿಯನ್ನೂ ಮುಟ್ಟುವುದಿಲ್ಲ, ಪ್ರತಿ ಪುಸ್ತಕದ ಮೊದಲಿಗೆ ಕಂಬ ಕುಸಿದ ವಿಷಯದ ಚೀಟಿ ಅಂಟಿಸುತ್ತೇನೆ, ನನ್ನ ಸಹಿಯೊಂದಿಗೆ ಎಂದು ಸಾಹೇಬರಿಗೆ ಹೇಳಿದೆ. ನೀರು ಏರಿಸಲು ಬೇರೆ ಯಾರನ್ನಾದರೂ ಕಳುಹಿಸಬಹುದು. ನಾನು ತೂಬಿನ ಮೇಲೇ ಕೂತಿರುತ್ತೇನೆ.

ಇಷ್ಟು ವರ್ಷದಲ್ಲಿ ಅವರ ಎದುರು ಅಷ್ಟು ಉದ್ದ ಮಾತಾಡಿದವಳಲ್ಲ.

"ತಂಡ ಬರೋದು ಮೂವತ್ತಕ್ಕೆ. ಅಲ್ಲೀತನಕ ನಾನು ಏನೂ ನೋಡಿಲ್ಲ" ಎಂದರು. "ಅವರ ಮುಂದೆ ನೀವೇ ನಿಂತು ಹೇಳಿ. ಅವರು ಏರಿಸಿ ಅಂದ್ರೆ ಅದೇ ದಿನ ಏರಿಸೋದು. ನಾನು ಬಾಯಿ ಬಿಡಲ್ಲ."

ಹನ್ನೆರಡು ದಿನ ಸಿಕ್ಕಿತು.

ಮಾರ್ಚ್ 24, ಮಂಗಳವಾರ

ದಿನಾ ಬೆಳಿಗ್ಗೆ ಮೌನಿಯ ದೋಣಿಯಲ್ಲಿ ಬಡಗಣ ಅಂಚಿಗೆ ಹೋಗುತ್ತಿದ್ದೇನೆ. ಹನ್ನೊಂದು ಗೂಡುಗಳಲ್ಲೂ ಹಕ್ಕಿ ಕೂತಿದೆ. ಜೊಂಡಿನೊಳಗೆ ಎಷ್ಟು ಬಗೆಯ ಸದ್ದಿದೆ ಎಂದು ಏರಿಯ ಮೇಲೆ ನಿಂತಾಗ ತಿಳಿದಿರಲಿಲ್ಲ. ಕಪ್ಪೆಯದ್ದು ಯಾವುದು, ನಾಮದ ಕೋಳಿಯದ್ದು ಯಾವುದು ಎಂದು ಮೌನಿ ಪಿಸುಗುಡುತ್ತಾನೆ. ನೀರುನಾಯಿ ಮೀನು ತಿಂದು ಬಿಟ್ಟ ಸಿಪ್ಪೆಯ ಗುಡ್ಡೆ ತೋರಿಸಿದ. ನೀರುನಾಯಿ ಇಲ್ಲಿ ಇದೆಯೆಂದು ಕಚೇರಿಯ ಯಾವ ಕಾಗದದಲ್ಲೂ ಇಲ್ಲ.

"ನೀನು ಯಾಕೆ ಹೇಳಿಲ್ಲ?"

"ಇಡೀ ಊರಿಗೇ ಹೇಳಿದೀನಿ ಅಕ್ಕಾವ್ರೆ. ಇವನ ಮಾತು ಮುಗಿಯಲ್ಲ ಅಂತ ಯಾರೂ ಪೂರ್ತಿ ಕೇಳಲ್ಲ."

ಮಾರ್ಚ್ 28, ಶನಿವಾರ

ಮೊದಲ ಮರಿಗಳು. ನಾಲ್ಕು. ಮೊಣಕಾಲಿನ ಗಂಟು ಮಾತ್ರ ದಪ್ಪ, ಉಳಿದದ್ದೆಲ್ಲ ನೂಲು. ಮೈ ಒಣಗಿದ ಅರ್ಧ ಗಂಟೆಗೆ ನಡೆದವು. ಬಿದ್ದವು. ನಡೆದವು.

ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. "ಅಯ್ಯೋ, ಕಾಲಿಗೆ ಬಟ್ಟೆ ಸಾಲದೆ ಬಂದಿದೆಯಲ್ಲೇ" ಎಂದಳು.

ಮಾರ್ಚ್ 30, ಸೋಮವಾರ

ತಂಡದಲ್ಲಿ ನಾಲ್ವರು. ಮುಖ್ಯಸ್ಥೆ ಬಿಳಿ ಕೂದಲಿನ, ಮಂಡಿ ನೋವಿನ ಒಬ್ಬ ಹೆಂಗಸು. ಮೆಟ್ಟುಗಾಲು ಹಕ್ಕಿಗಳನ್ನು ನೋಡಿ ಬಂದು ಕಚೇರಿಯಲ್ಲಿ ಕೂತ ಮೇಲೆ, "ನೀರಿನ ಮಟ್ಟವನ್ನು ಇಷ್ಟು ತಗ್ಗಿಸಲು ನಿರ್ಧಾರ ಮಾಡಿದ್ದು ಯಾರು?" ಎಂದು ಕೇಳಿದರು. ಸಾಹೇಬರು ಮೇಜಿನ ಮೇಲಿದ್ದ ಪೆನ್ನನ್ನು ನೋಡಿದರು.

ನಾನು ಎದ್ದು ನಿಂತೆ. "ಯಾರೂ ನಿರ್ಧಾರ ಮಾಡಿಲ್ಲ. ಕಂಬ ಕುಸಿಯಿತು, ನಾನು ಗಮನಿಸಲಿಲ್ಲ. ಹದಿನೇಳು ವರ್ಷದ ತಪ್ಪು. ಹಕ್ಕಿಗಳು ಅದರಿಂದಲೇ ಬಂದವು. ಜೊಂಡು ಬೆಳೆದದ್ದೂ ಅದರಿಂದಲೇ. ಏಪ್ರಿಲ್ ಎಂಟಕ್ಕೆ ಕೊನೆಯ ಗೂಡು ಖಾಲಿಯಾಗುತ್ತದೆ, ಅಲ್ಲಿಯವರೆಗೆ ನೀರು ಏರಿಸಬಾರದು."

ಆಕೆ ಪುಸ್ತಕ ತೆರೆದು ಪುಟ ತಿರುಗಿಸುತ್ತಾ ಹೋದರು. ಆಗ ಮೂಲೆಯಲ್ಲಿ ಕೂತಿದ್ದ, ನನ್ನ ಕಂಬ ಅಳೆದಿದ್ದ ಸರ್ವೆಯವರು ಎದ್ದು ಬಂದರು. "ಮಟ್ಟದ ಅಂಕಣ ಬಿಡಿ, ಹಲಗೆ ಅಂಕಣ ನೋಡಿ" ಎಂದರು. "ತೂಬಿನ ಅಡಿ ಕಲ್ಲಿನದು, ಅದು ಕುಸಿದಿಲ್ಲ. ಯಾವತ್ತು ಎಷ್ಟು ಹಲಗೆ ಇತ್ತು ಅಂತ ಇವರು ಒಂದು ದಿನಾನೂ ಬಿಡದೆ ಬರೆದಿದಾರೆ. ಮೊದಲ ವರ್ಷ ಏಳು, ಆಮೇಲೆ ಆರು, ಈಗ ಐದು. ಇದನ್ನ ಹಿಡಿದು ಹದಿನೇಳು ವರ್ಷದ ನಿಜವಾದ ನೀರಿನ ಮಟ್ಟ ಲೆಕ್ಕ ಹಾಕಬಹುದು. ಬೇರೆ ಕೆರೆಗಳಲ್ಲಿ ತಪ್ಪು ಇದ್ರೆ ತಪ್ಪು ಅಂತ ಗೊತ್ತಾಗೋಕೂ ದಾರಿ ಇಲ್ಲ."

ಏಳು, ಆರು, ಐದು. ನಾನೇ ಬರೆದದ್ದು. ಹದಿನೇಳು ವರ್ಷ ಬರೆದೆ, ಒಂದು ಸಲವೂ ಓದಲಿಲ್ಲ.

ಬಿಳಿ ಕೂದಲಿನವರು ಕನ್ನಡಕ ತೆಗೆದರು. "ಏಪ್ರಿಲ್ ಎಂಟರವರೆಗೆ ನೀರು ಏರಿಸಬೇಡಿ. ಆಮೇಲೆ ಎಷ್ಟು, ಹೇಗೆ ಅಂತ ಇವರನ್ನ ಕೇಳಿ ಮಾಡಿ." ನನ್ನ ಕಡೆ ತಿರುಗಿ, "ಈ ಪುಸ್ತಕದ ಪ್ರತಿ ನನಗೆ ಬೇಕು. ಚೀಟಿ ಸಮೇತ" ಎಂದರು.

ಏರಿಯ ಮೇಲೆ ಒಬ್ಬಳೇ ನಡೆದು ಮನೆಗೆ ಬಂದೆ. ಬಹಳ ಹೆಮ್ಮೆಯಾಗಿತ್ತು. ಎಷ್ಟೆಂದರೆ, ದಾರಿಯಲ್ಲಿ ಸಿಕ್ಕ ಅಂಚೆಯವನಿಗೆ ನಾನಾಗಿ ನಿಲ್ಲಿಸಿ ಎಲ್ಲ ಹೇಳಿದೆ.

ಏಪ್ರಿಲ್ 8, ಬುಧವಾರ

ಕೊನೆಯ ಗೂಡು ಖಾಲಿ. ಹನ್ನೊಂದು ಗೂಡುಗಳಿಂದ ಮೂವತ್ತೆಂಟು ಮರಿ ಎಂದು ನನ್ನ ಎಣಿಕೆ, ನಲವತ್ತು ಎಂದು ಮೌನಿಯದು. ಎರಡೂ ಬರೆದಿದ್ದೇನೆ. ಆರನೆಯ ಹಲಗೆ ಹಾಕಿದೆವು. ಏಳನೆಯದನ್ನು ಇನ್ನೊಂದು ವಾರಕ್ಕೆ. ನೀರು ಜೊಂಡಿನ ಬುಡಕ್ಕೆ ಏರಿದ ಮೇಲೆ ಗುಳುಮುಳುಕಗಳು ಗೂಡು ಕಟ್ಟುವ ಸರದಿ. ಮುಂದಿನ ವರ್ಷದಿಂದ ಮೊಟ್ಟೆ ಒಡೆಯುವವರೆಗೆ ನಲವತ್ತೆಂಟು, ಆಮೇಲೆ ಅರವತ್ತೆರಡು ಎಂದು ಬರೆದುಕೊಟ್ಟೆ. ಸಾಹೇಬರು ಓದಿ, "ಇದಕ್ಕೆ ಯೋಜನೆ ಅಂತ ಹೆಸರಿಡಬಹುದಾ ಈಗ?" ಎಂದು ಕೇಳಿದರು. ಇಡಬಹುದು ಎಂದೆ.

ಮೇ 19, ಮಂಗಳವಾರ

ಕಚೇರಿಯಿಂದ ಪತ್ರ. ನಮ್ಮ ಕಂಬ ನೆಟ್ಟ ವರ್ಷವೇ ಇನ್ನೂ ಆರು ಕೆರೆಗಳಲ್ಲಿ ಅದೇ ಅಳತೆಯ ಕಂಬ ನೆಟ್ಟಿದ್ದಾರಂತೆ. ಸರ್ವೆಯವರ ಜೊತೆ ಹೋಗಿ ನೋಡಿ ಬರಬೇಕು. ಇಲ್ಲಿ ನನ್ನ ಬದಲು ಬೆಳಿಗ್ಗೆ ಮೌನಿ, ಸಂಜೆ ಅಕ್ಕ ಓದುತ್ತಾರೆ.

ಜೂನ್ 2, ಮಂಗಳವಾರ

ಮೊದಲ ಕೆರೆ. ನಮ್ಮದಕ್ಕಿಂತ ಚಿಕ್ಕದು, ಅಂಚಿನಲ್ಲಿ ಮರ ಹೆಚ್ಚು, ನೀರುಕಾಗೆಗಳು ಸಾಲಾಗಿ ರೆಕ್ಕೆ ಒಣಗಿಸುತ್ತಿದ್ದವು. ತೂಬಿನವರು ಅರವತ್ತರ ಹತ್ತಿರದವರು, ಇಸ್ತ್ರಿ ಮಾಡಿದ ಅಂಗಿ. ಪುಸ್ತಕಕ್ಕೆ ಬಟ್ಟೆಯ ಹೊದಿಕೆ ಹಾಕಿದ್ದರು. ನಮಗೆ ಕುಳಿತುಕೊಳ್ಳಿ ಎನ್ನುವ ಮೊದಲೇ, "ಹನ್ನೊಂದು ವರ್ಷ ಆಯ್ತು. ಒಂದು ದಿನ ತಪ್ಪಿಲ್ಲ" ಎಂದರು.

ಸರ್ವೆಯವರು ಅಳೆದರು. ತೂಬಿನವರು ಇನ್ನೊಮ್ಮೆ ಅಳೆಯಲು ಹೇಳಿದರು. ಇನ್ನೊಮ್ಮೆ ಅಳೆದರು.

ಒಂಬತ್ತು ಸೆಂಟಿಮೀಟರ್.

ಪುಸ್ತಕವನ್ನು ಎದೆಗೊತ್ತಿಕೊಂಡು ನೀರನ್ನು ನೋಡುತ್ತಾ ನಿಂತರು. ನಾನೂ ಪಕ್ಕದಲ್ಲಿ ನಿಂತೆ. ಅವರು ಪುಸ್ತಕವನ್ನು ಕಲ್ಲಿನ ಮೇಲಿಟ್ಟು, ಬದಿಗೆ ಒರಗಿಸಿದ್ದ ಹಲಗೆಯೊಂದನ್ನು ಎತ್ತಿಕೊಂಡರು.

"ಎಷ್ಟು ಹಾಕ್ಲಿ ಹೇಳಿ ಮೇಡಂ. ಈಗಲೇ ಸರಿ ಮಾಡಿಬಿಡ್ತೀನಿ."

ಹಲಗೆಯ ಇನ್ನೊಂದು ತುದಿ ಹಿಡಿದೆ. "ಕೆಳಗಿಡಿ ಅಣ್ಣ. ಮೊದಲು ಗೂಡು ಎಲ್ಲಿದಾವೆ ತೋರಿಸಿ."

"ಗೂಡಾ? ಅದು ನನ್ನ ಕೆಲಸ ಅಲ್ವಲ್ಲ."

"ನಂದೂ ಅಲ್ಲ. ದೋಣಿ ಯಾವ ಕಡೆ ಕಟ್ಟಿದೀರಿ?"